ತಲೆಗೆ ಹಚ್ಚುವ ಎಣ್ಣೆಯಲ್ಲಿ ಏನಿದೆ?

ಕುಶಾಲನಗರ ದಾಟಿ ಮಡಿಕೇರಿಯ ಕಡೆಗೆ ಹೊರಟವರಿಗೆ ರಸ್ತೆಬದಿಯ ಅಂಗಡಿಸಾಲು ಪರಿಚಿತವೇ. ಜೇನುತುಪ್ಪ, ಏಲಕ್ಕಿ, ಕರಿಮೆಣಸು, ಕಾಫಿಪುಡಿ, ಮನೆಯಲ್ಲೇ ಮಾಡಿದ್ದೆನ್ನುವ ಚಾಕೊಲೇಟು, ವೈನು. ಇವುಗಳ ಪಕ್ಕದಲ್ಲಿ ಈಚಿನ ವರ್ಷಗಳಲ್ಲಿ ಕೇಶತೈಲದ ಬಾಟಲಿಗಳೂ ಸಾಲುಗಟ್ಟಿವೆ. ಬಾಟಲಿಯ ಮುಂಬದಿಯಲ್ಲಿ ಮಂಜು ಮುಸುಕಿದ ಬೆಟ್ಟ, ಮೊಣಕಾಲಿನವರೆಗೆ ಇಳಿಬಿದ್ದ ಕೂದಲಿನ ಹೆಣ್ಣುಮಗಳ ಚಿತ್ರ, ‘ಕೂರ್ಗ್’ ಎಂಬ ಹೆಸರು, ‘ಅಪ್ಪಟ ಕಾಡಿನ ಗಿಡಮೂಲಿಕೆ’ ಎಂಬ ಬರಹ. ಬಾಟಲಿಯನ್ನು ತಿರುಗಿಸಿ ಹಿಂಬದಿ ನೋಡಿದರೆ ಅನೇಕ ವೇಳೆ ಕಾಣುವುದು ಸಾಸಿವೆ ಕಾಳಿಗಿಂತ ಚಿಕ್ಕ ಇಂಗ್ಲಿಷ್ ಅಕ್ಷರಗಳು. ಕೆಲವು ಬಾಟಲಿಗಳಲ್ಲಿ ಅದೂ ಇಲ್ಲ. ಯಾವ ಎಣ್ಣೆ, ಯಾವ ಸೊಪ್ಪು, ಎಷ್ಟು ಪ್ರಮಾಣ, ಯಾರು ಕಾಯಿಸಿದರು, ಯಾವ ಊರಿನಲ್ಲಿ? ಕೊಳ್ಳುವವರು ಕೇಳುವುದಿಲ್ಲ, ಮಾರುವವರಿಗೂ ಬಹುಮಟ್ಟಿಗೆ ತಿಳಿದಿರುವುದಿಲ್ಲ.

ಕೊಡಗಿನ ಜನರಿಗೆ ಗಿಡಮೂಲಿಕೆ ಹೊಸದೇನೂ ಅಲ್ಲ. ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ ತಿಂಗಳ ಮೊದಲ ದಿನಗಳಲ್ಲಿ, ಮನೆಮನೆಯಲ್ಲೂ ಮದ್ದುಸೊಪ್ಪಿನ ಪಾಯಸವಾಗುತ್ತದೆ. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಕೂಡಿಕೊಳ್ಳುತ್ತದೆ ಎಂಬುದು ಹಿರಿಯರ ನಂಬಿಕೆ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಜಸ್ಟೀಸಿಯಾ ವೈನಾಡೆನ್ಸಿಸ್. ಹದಿನೆಂಟು ಎಂಬ ಲೆಕ್ಕವನ್ನು ಯಾರೂ ಪ್ರಯೋಗಾಲಯದಲ್ಲಿ ಎಣಿಸಿ ಹೇಳಿದ್ದಲ್ಲ. ಆದರೂ ಅಲ್ಲಿ ಮೋಸದ ಮಾತು ಬರುವುದಿಲ್ಲ. ಏಕೆಂದರೆ ಸೊಪ್ಪು ಯಾವುದೆಂದು ಮನೆಯ ಮಕ್ಕಳಿಗೂ ಗೊತ್ತು. ತೋಟದ ಅಂಚಿನಲ್ಲಿ ಅದು ಕಣ್ಣೆದುರೇ ಬೆಳೆದಿರುತ್ತದೆ. ಕುದಿಸಿದರೆ ನೀರು ನೇರಳೆ ಬಣ್ಣಕ್ಕೆ ತಿರುಗುತ್ತದೆ, ಉಂಡ ಮರುದಿನ ಮೂತ್ರ ಕೆಂಪಾಗುತ್ತದೆ. ಸಾಕ್ಷಿ ಕೈಯಲ್ಲೂ ಇದೆ, ದೇಹದಲ್ಲೂ ಇದೆ. ಅಜ್ಜಿ ಕಾಯಿಸಿದ ಕರಿಬೇವಿನ ಎಣ್ಣೆಯೂ ಹೀಗೆಯೇ. ಅದಕ್ಕೆ ಚೀಟಿ ಅಂಟಿಸುವ ಅಗತ್ಯ ಬೀಳಲಿಲ್ಲ, ಅಜ್ಜಿಯೇ ಚೀಟಿ.

ಆದರೆ ಅದೇ ಎಣ್ಣೆ ಬಾಟಲಿಯೊಳಗೆ ಕುಳಿತು ಬೆಂಗಳೂರಿಗೂ ದೆಹಲಿಗೂ ಹೊರಟಾಗ ಆ ಪರಿಚಯ ಅದರ ಜೊತೆಗೆ ಹೋಗುವುದಿಲ್ಲ. ಪರಿಚಯವಿಲ್ಲದ ಕಡೆ ಅದರ ಕೆಲಸವನ್ನು ಚೀಟಿಯೇ ಮಾಡಬೇಕು. ಚೀಟಿ ಸುಳ್ಳು ಹೇಳಿದರೆ, ಅಥವಾ ಸುಮ್ಮನಿದ್ದರೆ, ನಷ್ಟ ಕೊಂಡವರಿಗೆ ಮಾತ್ರ ಎಂದು ತಿಳಿಯುವಂತಿಲ್ಲ. ನಿಜವಾಗಿ ಕಾಯಿಸಿದವರಿಗೂ, ಗಿಡ ಬೆಳೆದ ಬೆಟ್ಟಕ್ಕೂ ಅದರ ಹೊಡೆತ ತಗಲುತ್ತದೆ.

ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಕೊಡಗಿನ ಗಡಿ ದಾಟಿದರೆ ಸಿಗುವ ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರ ಹಕ್ಕಿಪಿಕ್ಕಿ ಸಮುದಾಯದ ನೆಲೆ. ಹಕ್ಕಿ ಹಿಡಿದು, ಬೇಟೆಯಾಡಿ ಬದುಕುತ್ತಿದ್ದ ಈ ಅಲೆಮಾರಿ ಜನ ಮನೆಯಲ್ಲಿ ಆಡುವುದು ಗುಜರಾತಿಗೆ ಹತ್ತಿರವಾದ ವಾಗ್ರಿ ಭಾಷೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದ ಮೇಲೆ ಇವರ ಹಳೆಯ ಕಸುಬು ಅಪರಾಧವಾಯಿತು. ಕಾಡನ್ನು ಉಳಿಸಲು ಆ ಕಾಯ್ದೆ ಬೇಕಿತ್ತು, ಸರಿ. ಕಸುಬು ಕಳೆದುಕೊಂಡವರಿಗೆ ಬದಲಿ ಏನು ಎಂಬ ಪ್ರಶ್ನೆಗೆ ಮಾತ್ರ ಸಮರ್ಪಕ ಉತ್ತರ ದೊರೆಯಲಿಲ್ಲ. ಉತ್ತರವನ್ನು ಅವರೇ ಹುಡುಕಿಕೊಂಡರು. ಗಿಡಮೂಲಿಕೆ, ಮಾಲೀಸಿನ ಎಣ್ಣೆ, ತಲೆಯ ಎಣ್ಣೆ ಹೊತ್ತು ಊರೂರು ಸುತ್ತಿದರು, ಆಫ್ರಿಕದ ದೇಶಗಳಿಗೂ ಹೋದರು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಹೊತ್ತಿಕೊಂಡಾಗ ಅಲ್ಲಿ ಸಿಲುಕಿದ ಭಾರತೀಯರಲ್ಲಿ ಮೂಲಿಕೆ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿಗಳೂ ಇದ್ದರು. ‘ಆಪರೇಷನ್ ಕಾವೇರಿ’ಯಲ್ಲಿ ಅವರನ್ನು ಕರೆತರುವವರೆಗೂ, ಇಷ್ಟು ದೂರ ಇವರು ಎಣ್ಣೆ ಮಾರಲು ಹೋಗುತ್ತಾರೆಂಬುದು ಬಹಳ ಜನರಿಗೆ ತಿಳಿದಿರಲಿಲ್ಲ.

ಅದೇ ಸುಮಾರಿಗೆ ‘ಆದಿವಾಸಿ ಕೇಶತೈಲ’ ಎಂಬ ಹೆಸರು ಮೊಬೈಲಿನ ಪರದೆಗಳ ಮೂಲಕ ದೇಶದ ತುಂಬ ಹರಡಿತು. ಉದ್ದ ಕೂದಲಿನ ಗಂಡಸರು ಹೆಂಗಸರು, ಒಲೆಯ ಮೇಲೆ ಕುದಿಯುವ ದೊಡ್ಡ ಬಾಣಲೆ, ನೂರೆಂಟು ಗಿಡಮೂಲಿಕೆಗಳ ಮಾತು. ಹೆಸರಾಂತ ಮುಖಗಳು ಬಂದು ಹೊಗಳಿ ಹೋದವು. ಒಂದು ಕಾಲಕ್ಕೆ ಊರಾಚೆ ನಿಲ್ಲಿಸಿದ್ದ ಸಮುದಾಯದ ಮನೆಬಾಗಿಲಿಗೆ ಹಣ ಬಂದದ್ದು ಸಂತೋಷದ ಸಂಗತಿ, ಅದನ್ನು ಕಂಡು ಮೂಗು ಮುರಿಯುವವರ ಬಾಯಲ್ಲಿ ನ್ಯಾಯಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚು. ಆದರೆ ಹೆಸರು ಓಡತೊಡಗಿದ ಕೂಡಲೇ ಅದೇ ಬಗೆಯ ಚಿತ್ರ, ಅದೇ ಬಗೆಯ ಹೆಸರು ಹೊತ್ತ ಬಾಟಲಿಗಳು ನಾನಾ ಕಡೆಯಿಂದ ಬರತೊಡಗಿದವು. ಯಾವುದು ಪಕ್ಷಿರಾಜಪುರದ ಬಾಣಲೆಯದು, ಯಾವುದು ಇನ್ನೆಲ್ಲೋ ಪೀಪಾಯಿಯಿಂದ ತುಂಬಿದ್ದು ಎಂದು ಕೊಳ್ಳುವವರು ಹೇಗೆ ತಿಳಿಯಬೇಕು? ‘ಆದಿವಾಸಿ’ ಎಂಬುದು ಒಬ್ಬ ತಯಾರಕನ ಗುರುತಲ್ಲ. ಘಟಕಗಳ ಪಟ್ಟಿ, ಪರವಾನಗಿ ಸಂಖ್ಯೆ, ತಯಾರಕರ ವಿಳಾಸ ಇವು ಮೂರು ಸರಿಯಾಗಿ ಇದ್ದಿದ್ದರೆ ಅಸಲಿಗೆ ಒಂದು ಬೇಲಿ ಇರುತ್ತಿತ್ತು. ಬೇಲಿಯಿಲ್ಲದ ಗದ್ದೆಗೆ ಯಾರ ದನ ಬೇಕಾದರೂ ನುಗ್ಗುತ್ತದೆ.

ನೂರೆಂಟು ಮೂಲಿಕೆ ಎಂಬ ಮಾತನ್ನು ವಿದ್ಯಾರ್ಥಿಗಳು ಒಮ್ಮೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು. ಆಯುರ್ವೇದದಲ್ಲಿ ತೈಲ ಕಾಯಿಸುವುದಕ್ಕೆ ಒಂದು ಸಾಮಾನ್ಯ ಅಳತೆ ಇದೆ: ಅರೆದ ಮೂಲಿಕೆಯ ಮುದ್ದೆ ಒಂದು ಪಾಲು, ಎಣ್ಣೆ ನಾಲ್ಕು ಪಾಲು, ಕಷಾಯವೋ ರಸವೋ ಹಾಲೋ ಹದಿನಾರು ಪಾಲು. ನೀರಿನಂಶವೆಲ್ಲ ಇಂಗಿ ಎಣ್ಣೆ ಉಳಿಯುವವರೆಗೆ ಕಾಯಿಸಬೇಕು. ಈ ಅಳತೆಯಲ್ಲಿ ಒಂದು ಲೀಟರ್ ಎಣ್ಣೆಗೆ ಹಿಡಿಯುವ ಮುದ್ದೆ ಸುಮಾರು 250 ಗ್ರಾಂ. ಅದನ್ನು 108 ಮೂಲಿಕೆಗಳಿಗೆ ಸಮನಾಗಿ ಹಂಚಿದರೆ ಒಂದೊಂದಕ್ಕೆ 2.3 ಗ್ರಾಂ. 200 ಮಿಲಿಲೀಟರಿನ ಬಾಟಲಿಯ ಪಾಲಿಗೆ ಒಂದೊಂದು ಮೂಲಿಕೆ ಅರ್ಧ ಗ್ರಾಮಿಗಿಂತ ಕಡಿಮೆ. ಕಷಾಯದ ಮೂಲಕ ಇನ್ನಷ್ಟು ಸೇರಬಹುದು, ನಿಜ. ಆದರೂ ಸಂಖ್ಯೆ ಏರಿದಂತೆ ಒಂದೊಂದರ ಪಾಲು ಇಳಿಯುತ್ತದೆ ಎಂಬುದು ಬದಲಾಗುವುದಿಲ್ಲ. ನೂರೆಂಟು ಎಂಬುದು ಕಿವಿಗೆ ಜಪಮಣಿಯಂತೆ ಇಂಪಾಗಿ ಕೇಳುತ್ತದೆ, ತಲೆಗೆ ಅದರಿಂದ ಹೆಚ್ಚೇನೂ ದಕ್ಕಬೇಕೆಂದಿಲ್ಲ. ನಾಲ್ಕೇ ಮೂಲಿಕೆ ಹಾಕಿ, ನಾಲ್ಕರ ಹೆಸರನ್ನೂ ತೂಕವನ್ನೂ ಬರೆದವನು ಹೆಚ್ಚು ಪ್ರಾಮಾಣಿಕ. ಬಹುಶಃ ಅವನ ಎಣ್ಣೆಯೇ ಹೆಚ್ಚು ಗಟ್ಟಿ.

‘ನಮ್ಮ ಅತ್ತಿಗೆಗೆ ಹಚ್ಚಿ ಕೂದಲು ಬಂದಿದೆಯಲ್ಲ’ ಎಂಬ ವಾದ ಇಲ್ಲಿ ಎದುರಾಗುತ್ತದೆ. ಇದು ಸುಳ್ಳು ಹೇಳಿಕೆ ಆಗಿರಬೇಕಿಲ್ಲ. ತಲೆಯಿಂದ ಹೊರಗೆ ಕಾಣುವ ಕೂದಲು ನಿರ್ಜೀವ ಕೆರಾಟಿನ್ ಎಳೆ. ಜೀವ ಇರುವುದು ಚರ್ಮದೊಳಗಿನ ಬುಡದಲ್ಲಿ. ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರಿನಂತೆ ಎರಡರಿಂದ ಆರು ವರ್ಷ ಒಂದು ಎಳೆ ಬೆಳೆಯುತ್ತದೆ, ಆಮೇಲೆ ಕೆಲವು ತಿಂಗಳು ಸುಮ್ಮನಿದ್ದು ಉದುರುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ರೋಗವಲ್ಲ. ಹೆರಿಗೆ, ಟೈಫಾಯಿಡ್, ಡೆಂಗಿ, ಕೋವಿಡ್‌ನಂತಹ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಎಳೆಗಳು ಒಟ್ಟಿಗೆ ವಿಶ್ರಾಂತಿಗೆ ಹೋಗಿ, ಎರಡು ಮೂರು ತಿಂಗಳ ನಂತರ ಬಾಚಣಿಗೆ ತುಂಬ ಉದುರುತ್ತವೆ. ಹೆದರಿದ ಬಾಣಂತಿ ಆ ಹೊತ್ತಿನಲ್ಲೇ ಎಣ್ಣೆ ತರಿಸುತ್ತಾಳೆ. ಅಲ್ಲಿಂದ ಕೆಲವು ತಿಂಗಳಿಗೆ ಕೂದಲು ತಾನಾಗಿಯೇ ಮರಳುತ್ತದೆ, ಏನೂ ಹಚ್ಚದಿದ್ದರೂ ಬರುತ್ತಿತ್ತು. ಎಣ್ಣೆಗೆ ಹೆಸರು ಬರುತ್ತದೆ. ಮಳೆಗಾಲದ ಮೊದಲ ವಾರದಲ್ಲಿ ಕಪ್ಪೆ ಮದುವೆ ಮಾಡಿಸಿದವರಿಗೆ ಮಳೆಯ ಹೆಸರು ಬಂದಂತೆ. ಇನ್ನು ಮೊಣಕಾಲು ಮುಟ್ಟುವ ಕೂದಲಿಗೆ ಎಂಟು ವರ್ಷಕ್ಕೂ ಮಿಕ್ಕಿ ಎಡೆಬಿಡದ ಬೆಳವಣಿಗೆ ಬೇಕು. ಅಷ್ಟು ದೀರ್ಘ ಬೆಳವಣಿಗೆಯ ಕಾಲ ಬಹುಪಾಲು ಹುಟ್ಟಿನಿಂದ ಬರುವುದೇ ಹೊರತು ಬಾಟಲಿಯಿಂದಲ್ಲ. ರಕ್ತಹೀನತೆಯಿಂದಲೂ ಕೂದಲು ಉದುರುತ್ತದೆ. ತೋಟದಲ್ಲಿ ದುಡಿಯುವ ಹೆಣ್ಣುಮಕ್ಕಳು ಎಣ್ಣೆಗೆ ಸಾವಿರ ರೂಪಾಯಿ ಸುರಿಯುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ನೋಡಿಸಿಕೊಳ್ಳುವುದು ಮೇಲು.

ಕಾನೂನು ಈ ವಿಷಯದಲ್ಲಿ ಅಚ್ಚರಿಯೆನಿಸುವಷ್ಟು ಸ್ಪಷ್ಟವಾಗಿದೆ. 1945ರ ಔಷಧ ಮತ್ತು ಪ್ರಸಾಧನ ನಿಯಮಗಳ ‘ಜೆ’ ಅನುಸೂಚಿಯಲ್ಲಿ, ಯಾವ ಔಷಧವೂ ಗುಣಪಡಿಸುತ್ತೇನೆಂದು ಹೇಳಿಕೊಳ್ಳಬಾರದ ತೊಂದರೆಗಳ ಪಟ್ಟಿಯಿದೆ. ಕ್ಯಾನ್ಸರ್, ಕುರುಡುತನಗಳ ಜೊತೆಗೆ ಬೋಳುತಲೆ, ಕೂದಲಿನ ಬಣ್ಣ ಬದಲಾವಣೆ ಮತ್ತು ಹೊಸ ಕೂದಲು ಹುಟ್ಟಿಸುವಿಕೆಯೂ ಅದರಲ್ಲಿ ಸೇರಿವೆ. ಔಷಧವಲ್ಲ, ಬರಿಯ ಸೌಂದರ್ಯ ಸಾಧನ ಎಂದರೆ 2020ರ ಪ್ರಸಾಧನ ನಿಯಮಗಳು ಬರುತ್ತವೆ: ತಯಾರಿಕೆಗೆ ಪರವಾನಗಿ ಬೇಕು, ಶೇಕಡಾ ಒಂದಕ್ಕಿಂತ ಹೆಚ್ಚಿರುವ ಘಟಕಗಳನ್ನು ಹೆಚ್ಚಿನಿಂದ ಕಡಿಮೆಗೆ ಇಳಿಯುವ ಕ್ರಮದಲ್ಲಿ ಬರೆಯಬೇಕು, ಉಳಿದವನ್ನು ಆಮೇಲೆ ಯಾವ ಕ್ರಮದಲ್ಲಾದರೂ ಬರೆಯಬಹುದು. ತೀರ ಚಿಕ್ಕ ಪೊಟ್ಟಣಗಳಿಗೆ ಇದರಿಂದ ವಿನಾಯಿತಿ. ಬಡವರು ಕೊಳ್ಳುವುದು ಚಿಕ್ಕ ಪೊಟ್ಟಣಗಳನ್ನೇ ಎಂಬುದು ನಿಯಮ ಬರೆದವರಿಗೆ ಹೊಳೆಯಲಿಲ್ಲವೇನೋ.

ಇಳಿಯುವ ಕ್ರಮ ಎಂಬ ಈ ಒಂದು ನಿಯಮವನ್ನು ಬಲ್ಲವರು ಬಾಟಲಿಯನ್ನು ಕ್ಷಣದಲ್ಲಿ ಓದಬಲ್ಲರು. ಮುಂಬದಿಯಲ್ಲಿ ಬಾದಾಮಿ, ನೆಲ್ಲಿಕಾಯಿ, ಭೃಂಗರಾಜದ ಚಿತ್ರವಿದ್ದು ಹಿಂಬದಿಯ ಪಟ್ಟಿ ‘ಲೈಟ್ ಲಿಕ್ವಿಡ್ ಪ್ಯಾರಫಿನ್’ ಅಥವಾ ‘ಮಿನರಲ್ ಆಯಿಲ್’ ಎಂದು ಶುರುವಾದರೆ, ಬಾಟಲಿಯಲ್ಲಿ ಎಲ್ಲಕ್ಕಿಂತ ಹೆಚ್ಚಿರುವುದು ಪೆಟ್ರೋಲಿಯಂ ಶುದ್ಧೀಕರಿಸಿ ತೆಗೆದ ಎಣ್ಣೆ. ಅದು ವಿಷವಲ್ಲ, ಕೂದಲಿಗೆ ಹೊಳಪನ್ನೂ ಕೊಡುತ್ತದೆ. ಆದರೆ ಬಾದಾಮಿಯ ಬೆಲೆಗೆ ಪ್ಯಾರಫಿನ್ ಕೊಂಡಂತಾಗುತ್ತದೆ. ರಸ್ತೆಬದಿಯ ಅಂಗಡಿಗಿಂತ ದೂರದರ್ಶನದಲ್ಲಿ ಮಿನುಗುವ ದೊಡ್ಡ ಕಂಪನಿಗಳ ಬಾಟಲಿಗಳಲ್ಲೇ ಇದು ಹೆಚ್ಚು ಕಾಣುತ್ತದೆ ಎಂಬುದನ್ನೂ ಹೇಳಬೇಕು. ಅವು ಕಾನೂನಿನ ಅಕ್ಷರವನ್ನು ಪಾಲಿಸಿ ಹಿಂಬದಿಯಲ್ಲಿ ನಿಜ ಬರೆಯುತ್ತವೆ, ಮುಂಬದಿಯಲ್ಲಿ ಚಿತ್ರ ಬಿಡಿಸಿ ಅದನ್ನು ಅಳಿಸುತ್ತವೆ.

ಸಾದಾ ಕೊಬ್ಬರಿ ಎಣ್ಣೆಯ ಕತೆ ಸ್ವಾರಸ್ಯವಾದದ್ದು. ಕೊಬ್ಬರಿ ಎಣ್ಣೆ ಕೂದಲಿನ ಎಳೆಯೊಳಗೆ ಇಳಿದು ಪ್ರೋಟೀನ್ ನಷ್ಟವನ್ನು ತಗ್ಗಿಸುತ್ತದೆ, ಖನಿಜ ತೈಲ ಹಾಗೆ ಮಾಡುವುದಿಲ್ಲ ಎಂದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಅದನ್ನು ನಡೆಸಿದವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯೊಂದರ ವಿಜ್ಞಾನಿಗಳೇ. ಪಾರದರ್ಶಕತೆಯ ಮಾತಾಡುವಾಗ ಇದನ್ನು ಮುಚ್ಚಿಡುವಂತಿಲ್ಲ. ಅದೇ ಎಣ್ಣೆಯ ಚಿಕ್ಕ ಬಾಟಲಿ ತಿನ್ನುವ ಎಣ್ಣೆಯೋ ತಲೆಗೆ ಹಚ್ಚುವ ಎಣ್ಣೆಯೋ ಎಂಬ ತೆರಿಗೆಯ ವ್ಯಾಜ್ಯ ವರ್ಷಾನುಗಟ್ಟಲೆ ನಡೆದು, 2024ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಖಾದ್ಯ ತೈಲದ ಮಾನದಂಡಕ್ಕೆ ಒಳಪಟ್ಟು, ಕೇಶತೈಲವೆಂದು ಬರೆಯದೆ ಮಾರಿದ ಶುದ್ಧ ಕೊಬ್ಬರಿ ಎಣ್ಣೆ, ಬಾಟಲಿ ಚಿಕ್ಕದಾದ ಮಾತ್ರಕ್ಕೆ ಕೇಶತೈಲವಾಗುವುದಿಲ್ಲ ಎಂದಿತು ನ್ಯಾಯಾಲಯ. ಆಗ ಒಂದಕ್ಕೆ ಶೇಕಡಾ 5, ಇನ್ನೊಂದಕ್ಕೆ ಶೇಕಡಾ 18 ತೆರಿಗೆ. 2025ರ ಸೆಪ್ಟೆಂಬರಿನಲ್ಲಿ ಕೇಶತೈಲದ ದರವೂ ಶೇಕಡಾ 5ಕ್ಕೆ ಇಳಿಯಿತು. ಚೀಟಿಯ ಒಂದು ಪದಕ್ಕೆ ಕಂಪನಿಗಳು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗುತ್ತವೆ. ಕೊಳ್ಳುವವರು ಅದೇ ಚೀಟಿಯನ್ನು ಓದದೆ ಹರಿದೆಸೆಯುತ್ತಾರೆ.

ಮೂಲಿಕೆಯ ಹೆಸರು ಬರೆದ ಮಾತ್ರಕ್ಕೆ ವಿಷಯ ಮುಗಿಯುವುದಿಲ್ಲ. ‘ಬ್ರಾಹ್ಮಿ’ ಎಂದರೆ ಕೊಡಗಿನ ಅನೇಕ ಮನೆಗಳಲ್ಲಿ ಚಟ್ನಿಗೆ ಬಳಸುವ ಒಂದೆಲಗ, ಸೆಂಟೆಲ್ಲಾ ಏಷಿಯಾಟಿಕಾ. ಇತರ ಕಡೆ ಬ್ರಾಹ್ಮಿ ಎಂದರೆ ಜೌಗಿನಲ್ಲಿ ಹರಡುವ ಬೇರೆಯೇ ಗಿಡ, ಬಕೋಪಾ ಮೊನ್ನಿಯೇರಿ. ಗದ್ದೆಯ ಬದುವಿನ ಗರುಗದ ಸೊಪ್ಪು, ಎಕ್ಲಿಪ್ಟಾ ಪ್ರೊಸ್ಟ್ರಾಟಾ, ನಿಜವಾದ ಭೃಂಗರಾಜ, ಬಿಳಿ ಹೂವಿನದು. ಹಳದಿ ಹೂವಿನ ಬೇರೊಂದು ಗಿಡವನ್ನೂ ಅದೇ ಹೆಸರಿನಲ್ಲಿ ಕೊಯ್ಯುವುದುಂಟು. ಆದ್ದರಿಂದ ಆಡುಹೆಸರಿನ ಜೊತೆಗೆ ಸಸ್ಯಶಾಸ್ತ್ರೀಯ ಹೆಸರೂ ಬೇಕು. ಇದು ಪಂಡಿತರ ಹಟವೆಂದು ತೋರಬಹುದು. ಆದರೆ ಎರಡು ಗಿಡಕ್ಕೆ ಒಂದೇ ಹೆಸರಿದ್ದಾಗ ಅಗ್ಗದ ಗಿಡವೇ ಬಾಣಲೆಗೆ ಬೀಳುವುದು ವ್ಯಾಪಾರದ ಸಹಜ ನಡೆ.

ಇನ್ನೂ ಗಂಭೀರವಾದ ಮಾತು ಗಿಡ ಬಂದ ನೆಲದ್ದು. ಕೇಶತೈಲಗಳ ಪಟ್ಟಿಯಲ್ಲಿ ಜಟಾಮಾಂಸಿಯ ಹೆಸರು ಧಾರಾಳವಾಗಿ ಕಾಣುತ್ತದೆ. ಅದು ಹಿಮಾಲಯದ ಎತ್ತರದಲ್ಲಿ ಬೆಳೆಯುವ ಗಿಡ, ಕೊಡಗಿನ ಯಾವ ಬೆಟ್ಟದಲ್ಲೂ ಇಲ್ಲ. ಬೇರಿಗಾಗಿ ಕಿತ್ತು ಕಿತ್ತು ಇಂದು ಅದು ತೀವ್ರ ಅಪಾಯದಂಚಿನ ಸಸ್ಯಗಳ ಸಾಲಿಗೆ ಸೇರಿದೆ. ‘ಕೊಡಗಿನ ಕಾಡಿನಿಂದ’ ಎಂದು ಮುಂಬದಿಯಲ್ಲೂ ‘ಜಟಾಮಾಂಸಿ’ ಎಂದು ಹಿಂಬದಿಯಲ್ಲೂ ಬರೆದ ಬಾಟಲಿ ಎರಡರಲ್ಲಿ ಒಂದನ್ನಾದರೂ ಸುಳ್ಳು ಹೇಳುತ್ತಿದೆ. ಎಲ್ಲ ಮೂಲಿಕೆಯೂ ನಿಜವಾಗಿ ಕೊಡಗಿನ ಕಾಡಿನದೇ ಆಗಿದ್ದರೆ ಪ್ರಶ್ನೆ ಇನ್ನೂ ಹೆಚ್ಚು. ಯಾವ ಕಾಡು? ಕೊಯ್ದವರು ಯಾರು? ಅವರಿಗೆ ಸಿಕ್ಕಿದ್ದೆಷ್ಟು? ಸೀಗೆ, ಅಂಟುವಾಳ, ನೆಲ್ಲಿ, ಜೇನುಗಳನ್ನು ಜೇನುಕುರುಬರೂ ಯರವರೂ ತಲೆಮಾರುಗಳಿಂದ ಸಂಗ್ರಹಿಸುತ್ತ ಬಂದಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನಗಳ ಮೇಲೆ ಅವರ ಹಕ್ಕನ್ನು ಮಾನ್ಯ ಮಾಡಿದೆ. ವ್ಯಾಪಾರಕ್ಕೆ ಜೀವಸಂಪತ್ತನ್ನು ಬಳಸಿದರೆ ಲಾಭದ ಪಾಲು ಸ್ಥಳೀಯರಿಗೆ ಸಲ್ಲಬೇಕೆಂಬುದು 2002ರ ಜೀವವೈವಿಧ್ಯ ಕಾಯ್ದೆಯ ಆಶಯ. ಬಾಟಲಿಯ ಮೇಲೆ ಆದಿವಾಸಿಯ ಚಿತ್ರ ಅಚ್ಚಾಗಿರುತ್ತದೆ. ಅವರ ಸಂಘದ ಹೆಸರು, ಅವರಿಗೆ ಕೊಟ್ಟ ಬೆಲೆ ಮಾತ್ರ ಎಲ್ಲೂ ಅಚ್ಚಾಗುವುದಿಲ್ಲ. ಕೊಡಗಿನ ಕಿತ್ತಳೆಗೂ ಕೊಡಗಿನ ಅರೇಬಿಕಾ ಕಾಫಿಗೂ ಭೌಗೋಳಿಕ ಗುರುತಿನ ರಕ್ಷಣೆ ದೊರೆತಿದೆ. ಕೂರ್ಗ್ ಹೆಸರಿನ ಕೇಶತೈಲಕ್ಕೆ ಅಂತಹ ಯಾವ ಪರೀಕ್ಷೆಯೂ ಇಲ್ಲ. ಬೆಟ್ಟದ ಹೆಸರನ್ನು ಬೆಟ್ಟದವರ ಅಪ್ಪಣೆಯಿಲ್ಲದೆ ಯಾರು ಬೇಕಾದರೂ ಮಾರಿಕೊಳ್ಳಬಹುದಾಗಿದೆ.

ಎಣ್ಣೆಯಲ್ಲಿ ಮೋಸವಾದರೆ ಹೆಚ್ಚಾಗಿ ಹೋಗುವುದು ಹಣ. ಕೂದಲಿನ ಬಣ್ಣದಲ್ಲಿ ಹಾಗಲ್ಲ. ಮದರಂಗಿ ಸೊಪ್ಪು ಕೊಡುವ ಬಣ್ಣ ಕಿತ್ತಳೆಯಿಂದ ಕಂದುಗೆಂಪಿನವರೆಗೆ ಮಾತ್ರ. ಅದರಲ್ಲಿರುವ ಲಾಸೋನ್ ಎಂಬ ವಸ್ತುವಿನ ಗುಣವೇ ಅದು. ನೀಲಿ ಗಿಡದ ಎಲೆಪುಡಿಯನ್ನು ಮದರಂಗಿಯ ಮೇಲೆ ಎರಡನೆಯ ಸಲ ಹಚ್ಚಿದರೆ ಕಪ್ಪು ಬರುತ್ತದೆ, ಅದಕ್ಕೆ ಗಂಟೆಗಳೇ ಬೇಕು. ಒಂದೇ ಸಲ ಕಲಸಿ ಹಚ್ಚಿ ಅರ್ಧ ಗಂಟೆಯಲ್ಲಿ ಕಡುಗಪ್ಪಾಗುವ ‘ಕಪ್ಪು ಮೆಹೆಂದಿ’ಯಲ್ಲಿ ಸಾಮಾನ್ಯವಾಗಿ ಪ್ಯಾರಾ ಫಿನೈಲೀನ್ ಡಯಾಮೀನ್ ಎಂಬ ರಾಸಾಯನಿಕವೋ ಅದರ ಬಂಧುವೋ ಇರುತ್ತದೆ. ಇದು ಒಗ್ಗದವರಿಗೆ ನೆತ್ತಿ ಉರಿ, ಮುಖದ ಊತ, ನೀರುಗುಳ್ಳೆಗಳಾಗುತ್ತವೆ. ಒಮ್ಮೆ ಒಗ್ಗದಂತಾದರೆ ಆ ಅಲರ್ಜಿ ಬಹುಮಟ್ಟಿಗೆ ಜೀವಮಾನದ ಜೊತೆಗಾರ. ಅದನ್ನು ಹೊಂದಿದ ಬಣ್ಣದ ಪೊಟ್ಟಣದ ಮೇಲೆ, ಮೊದಲು ಚರ್ಮದ ಮೇಲೆ ಪರೀಕ್ಷಿಸಿ ನೋಡಬೇಕೆಂದೂ, ಹುಬ್ಬು ರೆಪ್ಪೆಗಳಿಗೆ ಹಚ್ಚಿದರೆ ಕುರುಡಾಗಬಹುದೆಂದೂ ಇಂಗ್ಲಿಷಿನಲ್ಲಿ ಹಾಗೂ ಸ್ಥಳೀಯ ಭಾಷೆಗಳಲ್ಲಿ ಎಚ್ಚರಿಕೆ ಬರೆಯಬೇಕೆಂದು ನಿಯಮವಿದೆ.

ಸ್ಥಳೀಯ ಭಾಷೆ ಎಂಬ ಮಾತು ಇಲ್ಲಿ ಬಂದದ್ದು ಅಪರೂಪ. ಪೊಟ್ಟಣ ಕಟ್ಟಿದ ಸರಕುಗಳ ಬಗ್ಗೆ ಇರುವ 2011ರ ಕಾನೂನು ಮಾಪನ ನಿಯಮಗಳಿಗೆ ದೇವನಾಗರಿಯ ಹಿಂದಿ ಅಥವಾ ಇಂಗ್ಲಿಷ್ ಸಾಕು, ಬೇರೆ ಭಾಷೆ ಇದ್ದರೆ ಅಡ್ಡಿಯಿಲ್ಲ ಅಷ್ಟೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದ ಆಧಾರದಲ್ಲಿ 2025ರ ಆರಂಭದಲ್ಲಿ ರಾಜ್ಯ ಸರ್ಕಾರ, ರಾಜ್ಯದಲ್ಲಿ ತಯಾರಾಗಿ ಮಾರಾಟವಾಗುವ ವಸ್ತುಗಳ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು ಸೂಚಿಸಿತು. ಒಳ್ಳೆಯದೇ. ಆದರೆ ಹೆಸರು ಕನ್ನಡದಲ್ಲಿದ್ದು ಒಳಗಿನ ವಸ್ತುಗಳ ಪಟ್ಟಿ ಇಂಗ್ಲಿಷಿನಲ್ಲೇ ಉಳಿದರೆ ಗ್ರಾಹಕರಿಗೆ ಬಾಗಿಲು ತೋರಿಸಿ ಬೀಗದ ಕೈ ಕೊಡದಂತೆ. ಸಂಘಟನೆಗಳು ಒತ್ತಾಯಿಸಬೇಕಾದದ್ದು ಪಟ್ಟಿಯ ಕನ್ನಡವನ್ನು.

ಪಟ್ಟಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕಪ್ಪುವರ್ಣೀಯ ಹೆಣ್ಣುಮಕ್ಕಳ ಅನುಭವ ಕಣ್ಣು ತೆರೆಸುವಂತಿದೆ. ಸುರುಳಿಗೂದಲು ಚೆಂದವಲ್ಲ, ಕಚೇರಿಗೆ ತಕ್ಕುದಲ್ಲ ಎಂಬ ಬಿಳಿಯ ಸಮಾಜದ ಒತ್ತಡದಿಂದ ಅವರಲ್ಲಿ ಅನೇಕರು ಚಿಕ್ಕ ವಯಸ್ಸಿನಿಂದಲೇ ಕೂದಲು ನೇರಗೊಳಿಸುವ ರಾಸಾಯನಿಕಗಳನ್ನು ಹಚ್ಚಿಕೊಂಡು ಬೆಳೆದರು. 2022ರ ಅಕ್ಟೋಬರಿನಲ್ಲಿ ಆ ದೇಶದ ಸರ್ಕಾರಿ ವಿಜ್ಞಾನಿಗಳು 33,497 ಮಹಿಳೆಯರನ್ನು ಸುಮಾರು ಹನ್ನೊಂದು ವರ್ಷ ಗಮನಿಸಿದ ಅಧ್ಯಯನವೊಂದನ್ನು ಪ್ರಕಟಿಸಿದರು. ಇಂತಹ ರಾಸಾಯನಿಕ ಬಳಸದವರಲ್ಲಿ ಎಪ್ಪತ್ತು ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಶೇಕಡಾ 1.64, ಪದೇ ಪದೇ ಬಳಸುವವರಲ್ಲಿ ಶೇಕಡಾ 4.05 ಎಂದು ಅದು ಅಂದಾಜಿಸಿತು. ಇದು ನಂಟನ್ನು ತೋರುತ್ತದೆ, ಕಾರಣವನ್ನು ಸಿದ್ಧಪಡಿಸಿಲ್ಲ. ಯಾವ ಕಂಪನಿಯದು, ಒಳಗೆ ಏನಿತ್ತು ಎಂಬ ಮಾಹಿತಿ ಆ ಅಧ್ಯಯನದಲ್ಲಿ ಸಂಗ್ರಹವಾಗಿರಲಿಲ್ಲ. ಹೀಗಾಗಿ ಅಪಾಯದ ಗುಮಾನಿ ಉಳಿಯಿತು, ಬೊಟ್ಟು ಮಾಡಿ ತೋರಿಸಲು ವಸ್ತು ಸಿಗಲಿಲ್ಲ. ಕೊಡಗಿನ ಪೇಟೆಗಳ ಬ್ಯೂಟಿ ಪಾರ್ಲರುಗಳಿಗೂ ಮದುವೆಯ ಕಾಲದಲ್ಲಿ ‘ಕೆರಾಟಿನ್’, ‘ಸ್ಮೂದನಿಂಗ್’ ಹೆಸರಿನ ದ್ರವಗಳು ಬಂದಿವೆ. ಇಂತಹ ಕೆಲವು ದ್ರವಗಳು ಬಿಸಿ ಇಸ್ತ್ರಿಪಟ್ಟಿ ತಗಲಿದಾಗ ಫಾರ್ಮಾಲ್ಡಿಹೈಡ್ ಅನಿಲ ಬಿಡುತ್ತವೆ. ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಕಪ್ಪೆ ಹಾವುಗಳನ್ನು ಮುಳುಗಿಸಿಟ್ಟ ಫಾರ್ಮಾಲಿನ್‌ನ ಕಣ್ಣುರಿಸುವ ವಾಸನೆ ಬಲ್ಲ ವಿದ್ಯಾರ್ಥಿನಿಯರು ಪಾರ್ಲರಿನ ಕುರ್ಚಿಯಲ್ಲಿ ಅದನ್ನು ಗುರುತಿಸಬಲ್ಲರು. ಕುರ್ಚಿಯಲ್ಲಿ ಕೂರುವವರು ವರ್ಷಕ್ಕೊಮ್ಮೆ ಕೂರುತ್ತಾರೆ; ಅಲ್ಲಿ ಕೆಲಸ ಮಾಡುವ ಹುಡುಗಿ ಅದನ್ನು ದಿನವೂ ಉಸಿರಾಡುತ್ತಾಳೆ. ಬಾಟಲಿಯನ್ನು ತೋರಿಸಿ ಎಂದು ಕೇಳುವುದು ಅವಳ ಪರವಾಗಿಯೂ ಕೇಳಿದಂತೆ.

ಇಷ್ಟೆಲ್ಲ ಕಟ್ಟುಪಾಡು ಹೇರಿದರೆ ಸಾಯುವುದು ಚಿಕ್ಕವರೇ ಎಂಬ ಆಕ್ಷೇಪಕ್ಕೆ ತೂಕವಿದೆ. ಸ್ತ್ರೀಶಕ್ತಿ ಗುಂಪಿನ ಹತ್ತು ಹೆಂಗಸರು ದಾಸವಾಳದ ಎಣ್ಣೆಯನ್ನೋ ಸೀಗೆಪುಡಿಯನ್ನೋ ಮಾಡಿ ಸಂತೆಯಲ್ಲಿಟ್ಟರೆ ಅವರಿಂದ ದೊಡ್ಡ ಕಾರ್ಖಾನೆಯ ಕಾಗದಪತ್ರ ಕೇಳುವುದು ಕ್ರೌರ್ಯವೇ ಸರಿ. ಪರವಾನಗಿಯ ಹಾದಿ ಅವರಿಗೆ ಸುಲಭವಾಗಬೇಕು. ಐದಾರು ಗುಂಪುಗಳು ಕೂಡಿ ಒಂದೇ ಕಡೆ ಕಾಯಿಸಿ ಒಂದೇ ಪರವಾನಗಿ ಪಡೆಯುವುದಕ್ಕೆ ಜಿಲ್ಲಾಡಳಿತ ನೆರವಾಗಬೇಕು. ಗಿಡ ಗುರುತಿಸಲು ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಂತಹ ಸಂಸ್ಥೆ ಜಿಲ್ಲೆಯೊಳಗೇ ಇದೆ. ಆದರೆ ಪರವಾನಗಿ ಕಷ್ಟವೆಂಬ ಕಾರಣಕ್ಕೆ ಪಟ್ಟಿ ಬರೆಯದಿರುವುದು ಸಲ್ಲದು. ಪಟ್ಟಿ ಬರೆಯಲು ಬೇಕಾದದ್ದು ಒಂದು ಪೆನ್ನು. ‘ಗುಟ್ಟು ಬಿಟ್ಟುಕೊಟ್ಟರೆ ಕದಿಯುತ್ತಾರೆ’ ಎಂಬ ಹೆದರಿಕೆಯೂ ಪೂರ್ಣ ಸರಿಯಲ್ಲ. ಕರಿಮೀನು ಸಾರಿನಲ್ಲಿ ಏನೇನಿದೆ ಎಂದು ಎಲ್ಲರಿಗೂ ಗೊತ್ತು, ಆದರೂ ಎಲ್ಲರ ಕೈಯಲ್ಲೂ ಆ ರುಚಿ ಬರುವುದಿಲ್ಲ. ಎಣ್ಣೆಯ ಹದ, ಉರಿಯ ಹದ, ಸೊಪ್ಪು ಕೊಯ್ಯುವ ಹೊತ್ತು ಇವೆಲ್ಲ ಕೈಯಲ್ಲೇ ಉಳಿಯುತ್ತವೆ. ಹೆಸರು ಬರೆದವರಿಗೆ ಹೋಗುವುದಕ್ಕಿಂತ, ಹೆಸರು ಬರೆಯದೆ ನಕಲಿಗಳ ಗುಂಪಿನಲ್ಲಿ ಕಳೆದುಹೋದವರಿಗೆ ಹೋದದ್ದೇ ಹೆಚ್ಚು.

ಹಾದಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹತ್ತು ಲಕ್ಷ ರೂಪಾಯಿವರೆಗೆ ದಂಡ ಹಾಕಬಲ್ಲದು, ಮರುಕಳಿಸಿದರೆ ಐವತ್ತು ಲಕ್ಷದವರೆಗೆ. ಹೊಗಳಿದ ಹೆಸರಾಂತರಿಗೂ ಅದು ತಗಲುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೇ ದೂರು ಹೇಳಬಹುದು, ಮಡಿಕೇರಿಯಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ. ಶಾಲಾ ಕಾಲೇಜುಗಳ ಪರಿಸರ ಸಂಘಗಳು ಮನೆಯಲ್ಲಿರುವ ಬಾಟಲಿಗಳನ್ನೇ ತಂದು, ಮುಂಬದಿಯ ಮಾತನ್ನೂ ಹಿಂಬದಿಯ ಪಟ್ಟಿಯನ್ನೂ ಅಕ್ಕಪಕ್ಕ ಬರೆದು ಗೋಡೆಪತ್ರಿಕೆ ಮಾಡಿದರೆ ಒಂದು ಶನಿವಾರದ ಕೆಲಸ.

ಬೆಟ್ಟದ ಹೆಂಗಸರ ಗುಂಪೊಂದು ತನ್ನ ಬಾಟಲಿಯ ಮೇಲೆ ಬರೆಯಬಹುದಾದ ಚೀಟಿ ಹೀಗಿದ್ದರೆ ಸಾಕು: ‘ಕೊಬ್ಬರಿ ಎಣ್ಣೆ ಒಂದು ಲೀಟರ್. ಗರುಗದ ಸೊಪ್ಪು (ಎಕ್ಲಿಪ್ಟಾ ಪ್ರೊಸ್ಟ್ರಾಟಾ) 125 ಗ್ರಾಂ, ದಾಸವಾಳದ ಎಲೆ 75 ಗ್ರಾಂ, ಕರಿಬೇವು 50 ಗ್ರಾಂ. ಬೇರೆ ಎಣ್ಣೆ, ಬಣ್ಣ, ಸುವಾಸನೆ ಸೇರಿಸಿಲ್ಲ. ಸೊಪ್ಪು ಗುಂಪಿನ ಸದಸ್ಯರ ಗದ್ದೆ ಹಿತ್ತಿಲಿನದು, ಕಾಡಿನದಲ್ಲ. ಕಾಯಿಸಿದ ತಿಂಗಳು, ಕಾಯಿಸಿದವರ ಊರು, ಪರವಾನಗಿ ಸಂಖ್ಯೆ ಕೆಳಗಿದೆ. ಕೂದಲು ನುಣುಪಾಗಿ ಬಾಚಲು ಬರುತ್ತದೆ. ಬೋಳುತಲೆಯಲ್ಲಿ ಕೂದಲು ಹುಟ್ಟಿಸುವುದಿಲ್ಲ.’